ಅಮ್ಮನ ಕೋಣೆಗೆ ಗೀರಿರೋ ಹಲಗೆ

ತಮ್ಮಾ,

ಹತ್ತು ಗಂಟೆಗೆ ಬಡಗಿ ಬರ್ತಾರೆ. ಅಮ್ಮನ ಕೋಣೆಯ ನೆಲಕ್ಕೆ ಫ್ಯಾಕ್ಟರಿಯಲ್ಲೇ ಪಾಲಿಶ್ ಆಗಿ ಬಂದ ಹಲಗೆ ಹಾಕಿ ಅಂತ ಹೇಳು. ಪಾಲಿಶ್ ಇಲ್ಲದ ಹಲಗೆ ಹಾಕಿಸಿ, ಇಲ್ಲೇ ಉಜ್ಜಿ ಪಾಲಿಶ್ ಮಾಡಿಸಿದ್ರೆ ನೆಲ ಕನ್ನಡಿ ಥರ ಆಗುತ್ತೆ ಅಂತ ಮತ್ತೆ ಶುರು ಹಚ್ಕೋಬೇಡ. ಆಗುತ್ತೆ, ಒಪ್ಪಿದೆ. ಆ ಕನ್ನಡಿ ನೋಡೋಕೆ ಅಮ್ಮನಿಗೆ ಕಣ್ಣು ಕಾಣಬೇಕಲ್ಲ!

ಫ್ಯಾಕ್ಟರಿ ಹಲಗೆಗಳ ನಡುವೆ ಸಣ್ಣ ಗೀರು ಉಳಿಯುತ್ತೆ, ಅದರಲ್ಲಿ ಧೂಳು ಕೂರುತ್ತೆ ಅನ್ನೋದು ನಿನ್ನ ತಕರಾರು. ನಿನ್ನೆ ನೀನಿಲ್ಲದಾಗ, ಬಡಗಿ ಮಾದರಿಗೆ ಅಂತ ಕೊಟ್ಟಿದ್ದ ಎಂಟು ಹಲಗೆಗಳನ್ನ ಮಂಚದಿಂದ ಬಚ್ಚಲ ಬಾಗಿಲವರೆಗೆ ಜೋಡಿಸಿಟ್ಟೆ. ಅಮ್ಮ ಬರಿಗಾಲಲ್ಲಿ ಎದ್ದು, ಕಾಲ ಹೆಬ್ಬೆರಳಿಂದ ಆ ಗೀರು ಹಿಡಿದು, ನೆಟ್ಟಗೆ ಬಚ್ಚಲಿಗೆ ಹೋದ್ಲು. ಗೋಡೆ ತಡವಲಿಲ್ಲ. ನನ್ನನ್ನೂ ಕೂಗಲಿಲ್ಲ.

ಹಾಗಾಗಿ ಹಲಗೆ ಮಂಚದಿಂದ ಬಚ್ಚಲ ಕಡೆಗೆ ಉದ್ದಕ್ಕೇ ಬರಲಿ. ಅಡ್ಡ ಹಾಕಿಸಿದ್ರೆ ಎಲ್ಲಾ ಕೀಳಿಸ್ತೀನಿ, ನನ್ನ ವಿಷಯ ನಿನಗೆ ಗೊತ್ತು.

ಮಂಚ ಎಳೀಬೇಡ, ನೀನೂ ಬಡಗಿಯೂ ಹಿಡಿದು ಎತ್ತಿ. ಕೆಲಸ ಮುಗಿದ ಮೇಲೆ ಅದೇ ಜಾಗದಲ್ಲಿ ಇಡಿ, ಒಂದು ಗೇಣೂ ಆಚೀಚೆ ಆಗಬಾರದು.

ಧೂಳು ನಾನು ಗುಡಿಸ್ಕೋತೀನಿ.

ಸಂಜೆ ಅಮ್ಮ ಎದ್ದರೆ ಕೈ ಹಿಡಿಯೋಕೆ ಓಡಬೇಡ. ಬಾಗಿಲಲ್ಲಿ ಸುಮ್ಮನೆ ನಿಂತು ನೋಡು.

ಅಕ್ಕ