ಪೆಟ್ಟಿಗೆ ಹದಿನೇಳರ ಹುಡುಗಿ

ಆಗಸ್ಟ್ 6, ಬೆಳಿಗ್ಗೆ 5.40

ಮತ್ತೆ ಅದೇ ಪ್ಯಾರಾ. ಮೂರನೇ ಸಲ. 'ನೋಡುವವರು ಮತ್ತು ನೋಡಿಸಿಕೊಳ್ಳುವವರು.' ತಲೆಗೆ ಇಳಿಯುವ ಮೊದಲೇ ಕುಕ್ಕರ್ ಕೂಗಿತು. ನಲವತ್ತೊಂದನೇ ವಯಸ್ಸಿನಲ್ಲಿ ಕಲೆ, ಮಾಧ್ಯಮ, ವಿನ್ಯಾಸ ಸಂಸ್ಕೃತಿ ಎಂದು ಎಂ.ಎ.ಗೆ ಸೇರಿಕೊಂಡವಳಿಗೆ ಇದೆಲ್ಲ ಬೇಕಿತ್ತೆ? ಬೇಕಿತ್ತು. ಹದಿನಾರು ವರ್ಷ ಶಾಲೆಯಲ್ಲಿ ಡ್ರಾಯಿಂಗ್ ಟೀಚರ್. ಮಕ್ಕಳ ಕೈಲಿ ಹೂಜಿ, ಸೇಬು ಬರೆಸಿ ಬರೆಸಿ ಹೂಜಿ ಕಂಡರೆ ಮುಖ ತಿರುಗಿಸುವ ಹಾಗಾಗಿತ್ತು.

ಕ್ಲಾಸಿನ ಹುಡುಗಿಯರು ಮೊದಲ ವಾರ 'ಆಂಟಿ' ಅಂದರು. ನನ್ನ ನೋಟ್ಸ್ ನೋಡಿದ ಮೇಲೆ 'ಅಕ್ಕ'. ಬಡ್ತಿ.

ಅತ್ತೆ ಚಹಾ ತಂದಿಟ್ಟರು. ಪುಸ್ತಕದ ಕಡೆ ಬಗ್ಗಿ, ಎಲ್ಲ ಸಾಲಿಗೂ ಗೆರೆ ಎಳೆದರೆ ಗೆರೆ ಎಳೆದು ಏನು ಬಂತು ಎಂದರು. ಎಪ್ಪತ್ತನಾಲ್ಕು ವರ್ಷ. ಮಾತು ಕಡಿಮೆ. ಆಡಿದರೆ ಹೀಗೆ.

ಇವತ್ತು ಪ್ರಾಜೆಕ್ಟ್ ಹಂಚುತ್ತಾರೆ.

ಅದೇ ದಿನ, ಊಟವಾದ ಮೇಲೆ

ಸಿಕ್ಕಿತು. ಮಾರುಕಟ್ಟೆ ಬೀದಿಯ ಹಳೆಯ ಫೋಟೋ ಸ್ಟುಡಿಯೋ. ಮಾಲೀಕರು ತೀರಿಕೊಂಡ ಮೇಲೆ ಅವರ ಮಗ ಎಲ್ಲವನ್ನೂ ನಮ್ಮ ಡಿಪಾರ್ಟ್‌ಮೆಂಟಿಗೆ ಕೊಟ್ಟುಬಿಟ್ಟಿದ್ದಾರೆ. ನಲವತ್ತೆರಡು ಪೆಟ್ಟಿಗೆ. ಗಿರಾಕಿಗೆ ಒಂದು ಕೊಟ್ಟು ಸ್ಟುಡಿಯೋ ಇಟ್ಟುಕೊಂಡ ಎರಡನೇ ಪ್ರತಿಗಳು: ಕಪ್ಪು-ಬಿಳುಪು ಫೋಟೋಗಳು, ಅವಕ್ಕೆ ಕೈಯಿಂದ ಹಚ್ಚಿದ ಬಣ್ಣ. ಪಟ್ಟಿ ಮಾಡಬೇಕು, ಅದರ ಮೇಲೇ ಪ್ರಬಂಧ ಬರೆಯಬೇಕು, ಏಪ್ರಿಲ್‌ನಲ್ಲಿ ಪ್ರದರ್ಶನ ಇಡಬೇಕು. ಗೈಡ್ ಮೇಡಂ ನನಗೇ ವಹಿಸಿದರು. ಹುಡುಗಿಯರಿಗೆ ಧೂಳು ಆಗಿಬರುವುದಿಲ್ಲವಂತೆ.

ಪ್ರತಿ ಪೆಟ್ಟಿಗೆಯ ಮೇಲೂ ಚೀಟಿ: 'ಛಾಯಾಚಿತ್ರ ಮತ್ತು ಬಣ್ಣ', ಕೆಳಗೆ ಮಾಲೀಕರ ಸಹಿ.

ಊಟಕ್ಕೆ ಕುಳಿತಾಗ ಹೇಳಿದೆ. ಇವರು ತಲೆಯಾಡಿಸಿದರು, ಕಣ್ಣು ಫೋನಿನಲ್ಲಿ. ಅತ್ತೆ, ಯಾವ ಸ್ಟುಡಿಯೋ ಎಂದರು. ಹೇಳಿದೆ. ತಟ್ಟೆಯಲ್ಲಿದ್ದದ್ದನ್ನು ಅರ್ಧಕ್ಕೇ ಬಿಟ್ಟು ಎದ್ದರು. ಉಪ್ಪು ಹೆಚ್ಚಾಯಿತೇನೋ... ನನಗೇನೂ ಹಾಗನಿಸಲಿಲ್ಲ.

ಆಗಸ್ಟ್ 30

ಒಂಬತ್ತನೇ ಪೆಟ್ಟಿಗೆ ಮುಗಿಯಿತು. ಸೀನಿ ಸೀನಿ ಮೂಗು ಕೆಂಪು. ಸ್ಟುಡಿಯೋದಲ್ಲಿ ಇದ್ದದ್ದು ಒಂದೇ ಕೋಟು ಎಂದು ಇವತ್ತು ಪತ್ತೆಯಾಯಿತು. ಅದೇ ಕೋಟಿನಲ್ಲಿ ಹನ್ನೊಂದು ಗಂಡಸರು, ಒಬ್ಬೊಬ್ಬರಿಗೆ ಒಂದೊಂದು ಬಣ್ಣ. ನೀಲಿ, ಕಂದು, ಒಬ್ಬ ಮಹಾಶಯನಿಗೆ ಗಿಣಿಹಸಿರು. ಎಲ್ಲರ ಜೇಬಿನ ಗುಂಡಿಯೂ ಅದೇ, ಮುರಿದದ್ದು. ಒಬ್ಬಳೇ ಕುಳಿತು ನಕ್ಕೆ. ವಾಚ್‌ಮನ್ ಬಂದು ಇಣುಕಿ ಹೋದ.

ಸೆಪ್ಟೆಂಬರ್ 11

ಪೆಟ್ಟಿಗೆ ಹದಿನೇಳು. ನಾಲ್ಕು ವರ್ಷದ ಹುಡುಗಿ ಇರಬಹುದು. ಬೆತ್ತದ ಕುರ್ಚಿ, ದಿಂಬಿಗೆ ಒರಗಿ ಕುಳಿತಿದ್ದಾಳೆ, ಮಡಿಲಲ್ಲಿ ಚೆಂಡು. ಇಲ್ಲಿಯವರೆಗೆ ನೋಡಿದ್ದರಲ್ಲಿ ಇದರಷ್ಟು ಜೀವಂತ ಚಿತ್ರ ಇನ್ನೊಂದಿಲ್ಲ. ಈಗಷ್ಟೇ ಏನೋ ತಂಟೆ ಮಾಡಿ ಬಂದ ಮುಖ. ಮೇಡಂ ನೋಡಿದ ಕೂಡಲೇ, ಆಹ್ವಾನ ಪತ್ರಿಕೆಗೆ ಇದೇ ಎಂದರು.

ಹಿಂಬದಿ ತಿರುಗಿಸಿದೆ. ಪೆನ್ಸಿಲಿನಲ್ಲಿ ಸಣ್ಣ ಅಕ್ಷರ: 'ರಿಬ್ಬನ್ ಹಸಿರು. ಫ್ರಾಕು ತಿಳಿ ಗುಲಾಬಿ. ಕೆನ್ನೆ ಕಮ್ಮಿ.'

ಆ 'ಮ್ಮಿ'. ಕೊನೆಗೆ ಇಲಿಯ ಬಾಲದ ಹಾಗೆ ಎಳೆದದ್ದು. ಹದಿನೆಂಟು ವರ್ಷದಿಂದ ನಮ್ಮ ಫ್ರಿಜ್ಜಿನ ಬಾಗಿಲ ಮೇಲೆ ನೋಡುತ್ತಿದ್ದೇನೆ. 'ಸಕ್ಕರೆ ಕಮ್ಮಿ ಇದೆ.' 'ಸೋಪು ಕಮ್ಮಿ.'

ಸೆಪ್ಟೆಂಬರ್ 12, ಬೆಳಿಗ್ಗೆ 6

ಫೋನಿನಲ್ಲಿ ತೆಗೆದದ್ದನ್ನು ತೋರಿಸಿದೆ. ಅತ್ತೆ ಕನ್ನಡಕ ಹಾಕಿಕೊಂಡು ತುಂಬಾ ಹೊತ್ತು ನೋಡಿದರು.

"ಕೆನ್ನೆಗೆ ಕಮ್ಮಿ ಹಾಕು ಅಂತ ನನಗೆ ನಾನೇ ಬರ್ಕೊಳ್ತಿದ್ದೆ. ಇಲ್ಲಾಂದ್ರೆ ಕೈ ಮುಂದೆ ಹೋಗ್ಬಿಡೋದು."

ಇಪ್ಪತ್ತಮೂರು ವರ್ಷ ಮಾಡಿದ್ದಾರೆ. ಈ ಮನೆಯಲ್ಲೇ, ಈಗ ಇಸ್ತ್ರಿ ಟೇಬಲ್ ಇರುವ ಕಿಟಕಿಯ ಹತ್ತಿರ. ಅಮ್ಮ ಅಲ್ಲಿ ಕುಳಿತು ಏನೋ ಬಣ್ಣ ಹಚ್ಚುತ್ತಿದ್ದ ಮಸುಕು ನೆನಪು ಇವರಿಗೆ, ಅಷ್ಟೇ. ಮಾವ ಆಫೀಸಿಗೆ ಹೋಗುವಾಗ ಬ್ಯಾಗಿನಲ್ಲಿ ಹಾಕಿಕೊಂಡು ಹೋಗಿ ಸ್ಟುಡಿಯೋಗೆ ಕೊಡುತ್ತಿದ್ದರಂತೆ, ಬರುವಾಗ ಹೊಸದು ತರುತ್ತಿದ್ದರಂತೆ. ಕಲರ್ ಫಿಲಂ ಬಂತು, ಕೆಲಸ ನಿಂತಿತು. ಎಲ್ಲದರ ಮೇಲೂ ಮಾಲೀಕರ ಸಹಿ ಇದೆಯಲ್ಲ, ಬೇಜಾರಾಗಲಿಲ್ಲವೇ ಎಂದೆ. ಆಗ ಯಾರೂ ಕೇಳಲಿಲ್ಲ, ತಾವೂ ಹೇಳಲಿಲ್ಲ ಎಂದರು.

ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ಎರಡು ಬಸ್ಸು ಹತ್ತಿ ಹೋಗಿ ಕಲೆಯ ಪಾಠ ಕೇಳುತ್ತಿದ್ದೇನೆ. ಪಾಠ ಹೇಳುವವರು ಅಡುಗೆಮನೆಯಲ್ಲಿ ಸೊಪ್ಪು ಸೋಸುತ್ತಿದ್ದಾರೆ.

ಅಕ್ಟೋಬರ್ 3

ದಿನಾ ಬೆಳಿಗ್ಗೆ ಅರ್ಧ ಗಂಟೆ ಅತ್ತೆಯ ಜೊತೆ. ಕಡ್ಡಿಗೆ ಹತ್ತಿ ಸುತ್ತುವುದು ಹೇಗೆ, ತುಟಿಗೆ ಯಾಕೆ ಕೆಂಪು ಹಾಕಬಾರದು, ನೆರಳಿಗೆ ಕಪ್ಪಿನ ಬದಲು ನೀಲಿ ಯಾಕೆ. ಮುಖ ಹೊಳೆಯುತ್ತದೆ ಹೇಳುವಾಗ.

ಇವತ್ತು ಕೇಳಿದೆ. ಇದುವರೆಗೆ ತೆರೆದ ಪೆಟ್ಟಿಗೆಗಳ ಬೇರೆ ಯಾವ ಫೋಟೋದಲ್ಲೂ ಕಣ್ಣನ್ನು ಮುಟ್ಟಿಲ್ಲ, ಹದಿನೇಳರ ಹುಡುಗಿಗೆ ಮಾತ್ರ ಪೂರ್ತಿ ಬರೆದದ್ದು. ಭೂತಗನ್ನಡಿಯಲ್ಲಿ ಕುಂಚದ ಗೆರೆ ಕಾಣುತ್ತದೆ. ಯಾಕೆ?

ಸೊಪ್ಪಿನ ತಟ್ಟೆ ಪಕ್ಕಕ್ಕಿಟ್ಟರು. ಆಗೆಲ್ಲ ಮಕ್ಕಳು ಹಾಗೇ ಹೋಗಿಬಿಡುತ್ತಿದ್ದವು, ಎರಡು ದಿನದ ಜ್ವರಕ್ಕೆ. ಹೋದ ಮೇಲೆ ನೆನಪಾಗುತ್ತಿತ್ತು, ಒಂದೂ ಫೋಟೋ ಇಲ್ಲ ಎಂದು. ಸ್ಟುಡಿಯೋದವರನ್ನು ಮನೆಗೆ ಕರೆಸಿ, ಮಗುವನ್ನು ಒರಗಿಸಿ ಕೂರಿಸಿ ತೆಗೆಸುತ್ತಿದ್ದರು. ಕಣ್ಣು ಮುಚ್ಚಿರುತ್ತಿತ್ತು. ಅತ್ತೆ ತೆರೆಸುತ್ತಿದ್ದರು.

ಹೇಗೆ ಗೊತ್ತಾಗುತ್ತಿತ್ತು ಕಣ್ಣು ಹೇಗಿತ್ತು ಅಂತ?

"ತಾಯಂದಿರು ಬರ್ತಿದ್ರು. ಈ ಕಿಟಕಿ ಹತ್ರಾನೇ ಕೂರ್ತಿದ್ರು. ಹೇಳ್ತಿದ್ರು, ನಾನು ಬರೀತಿದ್ದೆ. ಹಿಂಗಲ್ಲ ಅಂದ್ರೆ ಒರೆಸಿ ಮತ್ತೆ. ಕೊನೆಗೆ ಒಂದು ಸಲ ಸುಮ್ಮನಾಗ್ಬಿಡ್ತಿದ್ರು. ಆವಾಗ ಗೊತ್ತಾಗೋದು, ಸರಿಹೋಯ್ತು ಅಂತ."

ಹದಿನಾಲ್ಕು ಮಕ್ಕಳು. ಅತ್ತೆಗೆ ಲೆಕ್ಕ ನೆನಪಿದೆ.

ಫೋನಿನಲ್ಲಿ ರೆಕಾರ್ಡ್ ಆಗುತ್ತಿತ್ತು. ಅತ್ತೆಗೆ ಹೇಳಿರಲಿಲ್ಲ. ಹೇಳಿದರೆ ಮಾತು ನಿಂತುಬಿಡುತ್ತದೆ ಎಂದು... ಇದು ನೆಪ, ಗೊತ್ತು.

ಅಕ್ಟೋಬರ್ 20

ಅತ್ತೆ ಹೇಳಿದ್ದನ್ನೇ ನಾಲ್ಕನೇ ಅಧ್ಯಾಯವಾಗಿ ಒಂದೇ ಉಸಿರಿಗೆ ಬರೆದು ಮೇಡಂಗೆ ಕಳಿಸಿದ್ದೆ. ಇವತ್ತು ಕ್ಯಾಬಿನ್ನಿಗೆ ಕರೆದು ಬಾಗಿಲು ಹಾಕಿಕೊಂಡರು. ಇದು ಪ್ರಬಂಧವಲ್ಲ, ಪುಸ್ತಕ ಎಂದರು. ಪಿಎಚ್‌ಡಿಗೆ ದಾರಿ ಎಂದರು. ಕಾಲು ನೆಲಕ್ಕೆ ತಾಗಲಿಲ್ಲ, ಬಸ್‌ಸ್ಟಾಪಿನವರೆಗೂ.

ಅಕ್ಟೋಬರ್ 24

ಆಗಬಾರದ್ದು ಆಯಿತು. ಕಾಗುಣಿತ ನೋಡಿ ಎಂದು ಅಧ್ಯಾಯವನ್ನು ಇವರಿಗೆ ಕೊಟ್ಟಿದ್ದೆ. ಓದಿ ಹಿಗ್ಗಿಹೋದರು. ನೇರ ಅಮ್ಮನ ಹತ್ತಿರ ಹೋಗಿ, ಅಮ್ಮ, ಸತ್ತ ಮಕ್ಕಳ ಕಣ್ಣು ಬರೆಯುತ್ತಿದ್ದೆಯಂತೆ, ಎಂಥಾ ಕಲಾವಿದೆ ನೀನು, ಇನ್ನು ಊರಿಗೆಲ್ಲ ಗೊತ್ತಾಗುತ್ತದೆ ಎಂದರು. ಒಳ್ಳೆಯ ಮನಸ್ಸಿನಿಂದಲೇ.

ಅತ್ತೆ ನನ್ನ ಕಡೆ ನೋಡಿದರು. ಬೈದಿದ್ದರೆ ಚೆನ್ನಾಗಿತ್ತು. ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು.

ನವೆಂಬರ್ 9

ಹದಿನಾರು ದಿನ. ಹಾಲು ಬಂತು, ಕರೆಂಟು ಹೋಯಿತು, ಮಳೆ ಬರಬಹುದು. ಇಷ್ಟೇ ಮಾತು. ಬೆಳಗಿನ ಚಹಾ ಬರುತ್ತದೆ, ಪುಸ್ತಕದ ಕಡೆ ನೋಡುವುದಿಲ್ಲ.

ಇವರಿಗೆ ಅರ್ಥವಾಗಿಲ್ಲ. ನಾನು ಏನು ತಪ್ಪು ಮಾಡಿದೆ ಎಂದು ಮುಖ ಸಣ್ಣ ಮಾಡಿಕೊಂಡು ಓಡಾಡುತ್ತಿದ್ದಾರೆ. ತಪ್ಪು ಅವರದಲ್ಲ.

ನವೆಂಬರ್ 10, ಬೆಳಿಗ್ಗೆ

ತಡೆಯಲಾಗಲಿಲ್ಲ. ರೆಕಾರ್ಡ್ ಮಾಡಿದ್ದು ತಪ್ಪು ಎಂದೆ. ಅತ್ತೆ ಸ್ಟೂಲು ಎಳೆದುಕೊಂಡು ಕುಳಿತರು. ರೆಕಾರ್ಡಿನ ಮಾತಲ್ಲ ಎಂದರು. ಆ ತಾಯಂದಿರಿಗೆ ಮಾತು ಕೊಟ್ಟಿದ್ದರಂತೆ, ಯಾರಿಗೂ ಹೇಳುವುದಿಲ್ಲ ಎಂದು. ಅವರಲ್ಲಿ ಕೆಲವರು ಇಲ್ಲಿಗೆ ಬಂದದ್ದನ್ನು ಮನೆಯವರಿಗೂ ಹೇಳಿರಲಿಲ್ಲ. ಆಮೇಲೆ ಹುಟ್ಟಿದ ಮಕ್ಕಳಿಗೆ ಅದು ಅಣ್ಣನ ಫೋಟೋ, ಅಕ್ಕನ ಫೋಟೋ, ಅಷ್ಟೇ.

ಐವತ್ತು ವರ್ಷ ಆಯಿತಲ್ಲ ಎಂದೆ. ಆ ತಾಯಂದಿರು ಯಾರೂ ಈಗ ಇರಲಿಕ್ಕಿಲ್ಲ.

"ನಾನು ಇದೀನಲ್ಲಮ್ಮ."

ಈ ಮಾತು ಎರಡು ಸೆಮಿಸ್ಟರು ಓದಿದ ಯಾವ ಪುಸ್ತಕದಲ್ಲೂ ಇರಲಿಲ್ಲ.

ಆಮೇಲೆ ಅವರೇ ಹೇಳಿದರು. "ನನ್ನ ಹೆಸರು ಹಾಕ್ತೀಯಾ, ಹಾಕು. ಬಣ್ಣ ನಾನೇ ಹಚ್ಚಿದ್ದು, ಅದು ನನ್ನದು. ಆ ಕಣ್ಣಿನ ವಿಷಯ ನನ್ನದಲ್ಲ."

ನವೆಂಬರ್ 13

ನುಂಗಲೂ ಆಗದು, ಉಗುಳಲೂ ಆಗದು ಎಂದು ಎರಡು ದಿನ ಒದ್ದಾಡಿದೆ. ನಿಜ ಬರೆಯುತ್ತೇನೆ, ಸುಳ್ಳು ಬರೆಯಬೇಕೆಂದು ಯಾರೂ ಹೇಳಿಲ್ಲ. ಬರೆಯದೆ ಬಿಡಬೇಕು, ಅಷ್ಟೇ. ಅಷ್ಟೇ ಎಂದರೆ ಪ್ರಬಂಧದ ಜೀವವೇ ಅದು. ಇನ್ನೊಂದು ಇಂಥದ್ದು ನನಗೆ ಸಿಗುವುದಿಲ್ಲ.

ಮೇಡಂ ಹತ್ತಿರ ಹೋಗಿ ನಾಲ್ಕನೇ ಅಧ್ಯಾಯ ವಾಪಸ್ ಬೇಕು ಎಂದೆ. ಯಾಕೆ ಎಂದು ಹೇಳಿದೆ. ತುಂಬಾ ಹೊತ್ತು ಪೆನ್ನಿನ ಕ್ಯಾಪು ತೆಗೆದರು, ಹಾಕಿದರು. ಇದು ಇಲ್ಲದಿದ್ದರೆ ಮಾರ್ಕ್ಸ್ ಬೀಳುವುದಿಲ್ಲ, ಹೊರಗಿನಿಂದ ಬರುವ ಪರೀಕ್ಷಕರಿಗೆ ಕಣ್ಣಿನ ಗೆರೆ ಕಂಡೇ ಕಾಣುತ್ತದೆ ಎಂದರು. ಗೊತ್ತು ಎಂದೆ. ಮೇಲ್ ತೆರೆದು ನನ್ನೆದುರಿಗೇ ಡಿಲೀಟ್ ಮಾಡಿದರು.

"ನಾನು ಓದಿಲ್ಲ ಅಂದ್ಕೊಳ್ಳಿ. ಬೇರೆ ನಾಲ್ಕನೇ ಅಧ್ಯಾಯ ಬರೀರಿ."

ಫೋನಿನ ರೆಕಾರ್ಡಿಂಗ್ ಅಳಿಸಿದೆ. ಅತ್ತೆಯ ಎದುರಿಗಲ್ಲ. ಬಸ್ಸಿನಲ್ಲಿ.

ಫೆಬ್ರುವರಿ 2

ಮೂರು ತಿಂಗಳು ಇಲ್ಲಿ ಏನೂ ಬರೆದಿಲ್ಲ. ಎಲ್ಲ ಅಲ್ಲಿ ಬರೆದೆ. ಹೊಸ ನಾಲ್ಕನೇ ಅಧ್ಯಾಯ: ಮನೆಯಲ್ಲಿ ಕುಳಿತು ಬಣ್ಣ ಹಚ್ಚಿದವರು. ಬಣ್ಣ ಅತ್ತೆಯದೇ ಎಂಬ ಹೇಳಿಕೆಗೆ ಸ್ಟುಡಿಯೋ ಮಾಲೀಕರ ಮಗ ಸಹಿ ಹಾಕಿಕೊಟ್ಟರು. ಫೋಟೋ ಕಟ್ಟು ಯಾವುದೋ ಮನೆಗೆ ಹೋಗಿ ಬರುತ್ತಿದ್ದದ್ದು ಚಿಕ್ಕಂದಿನಲ್ಲೇ ಗೊತ್ತಿತ್ತಂತೆ, ಅಪ್ಪ ಬಾಯಿ ಬಿಟ್ಟಿರಲಿಲ್ಲವಂತೆ. ಹೊಸ ಚೀಟಿ ಅಂಟಿಸೋಣ, ಅಪ್ಪನಿಗೂ ಭಾರ ಇಳಿಯಲಿ ಎಂದರು.

ಅತ್ತೆ ಪ್ರೂಫ್ ಓದಿ ಏಳು ತಪ್ಪು ಹುಡುಕಿದರು. ಬಣ್ಣದವು ಐದು, ವ್ಯಾಕರಣದವು ಎರಡು. ಬೈಂಡಿಂಗಿಗೆ ಕೊಟ್ಟು ಬಂದೆ.

ಮಾರ್ಚ್ 17

ವೈವಾ. ಪರೀಕ್ಷಕರು ವಯಸ್ಸಾದವರು, ಸಮಾಧಾನದ ಮನುಷ್ಯ. ಎಲ್ಲ ಚೆನ್ನಾಗಿ ಹೋಯಿತು, ಪುಟ ಎಂಬತ್ತೆಂಟಕ್ಕೆ ಬರುವ ತನಕ. ಪೆಟ್ಟಿಗೆ ಹದಿನೇಳರ ಹುಡುಗಿ. ಕನ್ನಡಕ ಮೇಲೇರಿಸಿ ಚಿತ್ರವನ್ನು ಮೂಗಿನ ಹತ್ತಿರ ಹಿಡಿದರು.

"ಈ ಕಣ್ಣು ಪೂರ್ತಿ ಕೈಯಿಂದ ಬರೆದಿದ್ದು. ನೀವು ಇದರ ಬಗ್ಗೆ ಒಂದು ಸಾಲೂ ಬರೆದಿಲ್ಲ. ಯಾಕೆ?"

ಗೊತ್ತಾಗಲಿಲ್ಲ ಎಂದುಬಿಡಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು.

"ಕಾರಣ ಗೊತ್ತಿದೆ ಸರ್. ಬರೆಯಲ್ಲ ಅಂತ ಮಾತು ಕೊಟ್ಟಿದೀನಿ."

ಮೇಡಂ ಕಡೆ ನೋಡಿದರು ಅವರು. ಮೇಡಂ ನೀರು ಕುಡಿದರು. ಸಂಶೋಧನೆಯಲ್ಲಿ ಹೀಗೆ ಹೇಳುವಂತಿಲ್ಲ ಎಂದರು ಪರೀಕ್ಷಕರು, ಗಟ್ಟಿಯಾಗಿ ಅಲ್ಲ. ಹೌದು ಸರ್ ಎಂದೆ. ಏನೋ ಗೀಚಿಕೊಂಡರು. ಪುಟ ತಿರುಗಿಸಿದರು.

ಬಿ ಪ್ಲಸ್. ಪಾಸು. ಪಿಎಚ್‌ಡಿ ಶಿಫಾರಸು ಪಟ್ಟಿ ಸಂಜೆ ಹಾಕಿದರು, ನನ್ನ ಹೆಸರಿಲ್ಲ. ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ, ಐದು ನಿಮಿಷ. ಛೆ, 'ಅತ್ತೆ' ಎಂದರೆ ಅತ್ತೆಯಲ್ಲ, ನಾನು ಅತ್ತದ್ದು. ಮನೆಗೆ ಬಂದು ಚೆನ್ನಾಗಾಯಿತು ಎಂದೆ.

ಏಪ್ರಿಲ್ 18, ಸಂಜೆ

ಪ್ರದರ್ಶನದ ಮೊದಲ ದಿನ. ಅರವತ್ತು ಚಿತ್ರ. ಪ್ರತಿಯೊಂದರ ಕೆಳಗೂ ಎರಡು ಸಾಲು. ಛಾಯಾಚಿತ್ರ: ಮಾಲೀಕರ ಹೆಸರು. ಬಣ್ಣ: ಅತ್ತೆಯ ಹೆಸರು, ಇನಿಷಿಯಲ್ ಸಮೇತ. ಅತ್ತೆ ಮೊದಲ ಚಿತ್ರದ ಮುಂದೆ ನಿಂತು ಹೆಸರನ್ನು ಓದಿದರು. ಎರಡನೆಯದರ ಮುಂದೆಯೂ ಓದಿದರು. ಹೀಗೆ ಅರವತ್ತೂ ಓದಿದರು. ಇವರು ಹಿಂದೆ ಹಿಂದೆ ಅಮ್ಮನ ಕೈಚೀಲ ಹಿಡಿದುಕೊಂಡು.

ನಾಲ್ಕರ ಹೊತ್ತಿಗೆ ಐವತ್ತರ ಆಸುಪಾಸಿನ ಒಬ್ಬ ಹೆಂಗಸು ಬಂದರು. ಕೈಯಲ್ಲಿ ಆಹ್ವಾನ ಪತ್ರಿಕೆ. ನೇರ ಹದಿನೇಳರ ಹುಡುಗಿಯ ಹತ್ತಿರ ಹೋಗಿ ನಿಂತವರು ಅಲ್ಲಾಡಲೇ ಇಲ್ಲ. ಹತ್ತಿರ ಹೋದೆ. ಇದು ನಮ್ಮಕ್ಕ ಎಂದರು. ತಾವು ಹುಟ್ಟುವ ಮೊದಲೇ ಹೋದವಳಂತೆ. ಮನೆಯಲ್ಲಿದ್ದ ಫೋಟೋ ಮನೆ ಬದಲಾಯಿಸುವಾಗ ಕಳೆದುಹೋಗಿತ್ತಂತೆ, ಅಮ್ಮ ಅದೇ ಕೊರಗಿನಲ್ಲಿ ಹೋದರಂತೆ. ಬಹಳ ತುಂಟಿಯಂತೆ, ಫೋಟೋಗೆ ಕೂರಿಸಲು ಚೆಂಡು ಕೊಟ್ಟು ಪುಸಲಾಯಿಸಬೇಕಾಯಿತಂತೆ, ಅಮ್ಮ ಹೇಳುತ್ತಿದ್ದರಂತೆ.

ಅಳಿಸಿಹಾಕಿದ ಆ ಅಧ್ಯಾಯ ಈ ಗೋಡೆಯ ಮೇಲೆ ಇದ್ದಿದ್ದರೆ. ಈ ಚಿತ್ರದ ಪಕ್ಕದಲ್ಲೇ ಇರುತ್ತಿತ್ತು.

ಅವರು ಚೀಟಿ ಓದಿದರು. ಬಣ್ಣ ಹಚ್ಚಿದವರು ಇದ್ದಾರೆಯೇ ಎಂದರು. ಅತ್ತೆ ನನ್ನ ಬೆನ್ನ ಹಿಂದೆಯೇ ನಿಂತಿದ್ದರು.

"ನಮ್ಮಕ್ಕನ್ನ ನೋಡಿದೀರಾ ನೀವು?"

ಅತ್ತೆ ಚಿತ್ರ ನೋಡಲಿಲ್ಲ. ಆ ಹೆಂಗಸಿನ ಮುಖವನ್ನೇ ನೋಡಿದರು.

"ನೋಡಿದೀನಮ್ಮ. ಎಡಗಣ್ಣು ಒಂಚೂರು ಚಿಕ್ಕದು. ನಗೋವಾಗ ಇನ್ನೂ ಚಿಕ್ಕದಾಗೋದು. ನಿನಗೂ ಹಂಗೇ ಇದೆ."

ಆ ಹೆಂಗಸು ಎಡಗಣ್ಣಿನ ಮೇಲೆ ಬೆರಳಿಟ್ಟುಕೊಂಡರು. ಅಳುತ್ತಿದ್ದರು, ನಗುತ್ತಲೂ ಇದ್ದರು. ಅತ್ತೆಯ ಕೈ ಹಿಡಿದವರು ಬಹಳ ಹೊತ್ತು ಬಿಡಲಿಲ್ಲ. ಆ ಪ್ರತಿ ಅವರಿಗೇ ಸೇರಬೇಕು ಎಂದೆ, ಮೇಡಂ ಒಪ್ಪಿದರು; ಸ್ಟುಡಿಯೋ ಮಾಲೀಕರ ಮಗನಿಗೂ ಆಗಲೇ ಫೋನ್ ಮಾಡಿದೆ. ಪ್ರದರ್ಶನ ಮುಗಿದ ದಿನ ಕೊಟ್ಟುಬಿಡಿ ಎಂದರು.

ಏಪ್ರಿಲ್ 19, ಬೆಳಿಗ್ಗೆ 5.50

ನಿನ್ನೆ ಬರುವಾಗ ಬಸ್ಸಿನಲ್ಲಿ ಕೇಳಿದೆ. ನೋಡಿದ್ದೇನೆ ಎಂದಿರಲ್ಲ ಅತ್ತೆ, ಆ ಮಗುವನ್ನು ನೀವು ನೋಡೇ ಇಲ್ಲವಲ್ಲ.

"ಅವರಮ್ಮ ಎರಡು ಮಧ್ಯಾಹ್ನ ನನ್ನ ಪಕ್ಕ ಕೂತು ತೋರಿಸಿದ್ರು. ನೋಡದೆ ಹೆಂಗೆ ಬರೀಲಿ?"

ಆಮೇಲೆ ಕಿಟಕಿಯ ಕಡೆ ತಿರುಗಿದರು.

ಬಿ ಪ್ಲಸ್ ಬಗ್ಗೆ ಇವತ್ತು ನಿಜ ಹೇಳಬೇಕು ಅತ್ತೆಗೆ. ಬೇಜಾರು ಹೋಯಿತು ಎಂದಲ್ಲ. ಇದೆ ಇನ್ನೂ, ಒಂದು ಚೂರು, ಇರಲಿ.

ಆ ಹೆಂಗಸು ಹೊರಡುವಾಗ ಅಕ್ಕನ ಹೆಸರು ಹೇಳಿದರು. ಎರಡೇ ಅಕ್ಷರ. ಐವತ್ತು ವರ್ಷ ಪೆಟ್ಟಿಗೆಯ ನಂಬರಿನಲ್ಲೇ ಇದ್ದ ಮಗು. ಯಾರೂ ಓದದ ಪುಸ್ತಕ ಇದು, ಇಲ್ಲಾದರೂ ಬರೆದಿಡೋಣ ಎಂದು ಪೆನ್ನು ಹಿಡಿದೆ. ಮೊದಲ ಅಕ್ಷರ...

ಬೇಡ. ಇದನ್ನೂ ಅತ್ತೆಯನ್ನು ಕೇಳಿಯೇ ಬರೆಯಬೇಕು.