ಬೆಳಗಿನ ಐದರ ಹವಾಮಾನ

3 ಅಕ್ಟೋಬರ್ 2011, ಸಂಜೆ

ಡಿಪೋದಲ್ಲಿ ಬಸ್ ಬಿಟ್ಟು ಬಂದೆ. ಟೊಮೆಟೊ ಸೂಪ್, ಬ್ರೆಡ್ಡು. ಆಮೇಲೆ ಮತ್ತೆ ಕಂಪ್ಯೂಟರ್ ಬಿಚ್ಚಿ ಕೂತೆ. ಟಿವಿ ರೆಕಾರ್ಡ್ ಮಾಡುವ ಟ್ಯೂನರ್ ಕೊನೆಗೂ ಅದರೊಳಗೆ ಸರಿಯಾಗಿ ಕೂತಿತು. ಒಂದು ಸ್ಕ್ರೂ ಉಳಿದಿದೆ, ಎಲ್ಲಿಯದೋ. ಟಿವಿಗೆ ಜೋಡಿಸಿದರೆ ಪರದೆ ಕಪ್ಪು. ಕೇಬಲ್ ಕಂಪನಿಯವರ ಕಾರ್ಡ್ ಹಾಕದೆ ಒಂದು ಚಾನೆಲ್ಲೂ ಬರುವುದಿಲ್ಲವಂತೆ. ಶನಿವಾರ ಬರುತ್ತಾರಂತೆ.

ಮೊದಲು ಅವರೇ ಕೊಟ್ಟಿದ್ದ ರೆಕಾರ್ಡರ್ ಇತ್ತು. ತುಂಬಿದ ಕೂಡಲೇ ಹಳೆಯದನ್ನು ತಾನೇ ಅಳಿಸುತ್ತಿತ್ತು. ಮಗಳು ಕೊರಿನ್ ಟಿವಿಯಲ್ಲಿ ಬಂದ ಮೊದಲ ವಾರ ಪೂರ್ತಿ ಹಾಗೇ ಹೋಯಿತು.

ಅವಳು ಈರಿ ಎಂಬ ಈ ಊರಿನ ಚಾನೆಲ್ಲಿನಲ್ಲಿ ಬೆಳಿಗ್ಗೆ ಐದಕ್ಕೆ ಹವಾಮಾನ ಹೇಳುತ್ತಾಳೆ. ಆ ಹೊತ್ತಿಗೆ ನಾನು ಡಿಪೋದಲ್ಲಿ ಶಾಲಾ ಬಸ್ಸಿನ ಎಂಜಿನ್ ಬಿಸಿ ಮಾಡುತ್ತಿರುತ್ತೇನೆ. ಎರಡು ವರ್ಷದಿಂದ ಅವಳು ನನ್ನ ಫೋನ್ ಎತ್ತಿಲ್ಲ.

8 ಅಕ್ಟೋಬರ್, ಶನಿವಾರ

ಕೇಬಲ್ಲಿನವನು ಬಂದ. ಆರ್ವಿಡ್ ಅಂತ ಹೆಸರು. ದಪ್ಪ ಮನುಷ್ಯ, ಮೆಟ್ಟಿಲು ಹತ್ತುವಷ್ಟರಲ್ಲಿ ಏದುಸಿರು. ಕಾರ್ಡ್ ತೂರಿಸಿ, ಫೋನಿನಲ್ಲಿ ಯಾರಿಗೋ ನಂಬರು ಓದಿದ. ಮೂರು ಸಲ. ನಲವತ್ತು ನಿಮಿಷ ಇಬ್ಬರೂ ಕಪ್ಪು ಪರದೆ ನೋಡುತ್ತಾ ಕೂತೆವು. ಕಾಫಿ ಕೊಟ್ಟೆ. ಇಲ್ಲಿ ಇನ್ನೊಬ್ಬರು ಕಾಫಿ ಕುಡಿದು ಎಷ್ಟು ದಿನವಾಯಿತೋ...

"ಮೂರು ಚಾನೆಲ್ ಒಟ್ಟಿಗೆ ರೆಕಾರ್ಡ್ ಮಾಡ್ಕೋಬೋದು ಸರ್. ಫುಟ್‌ಬಾಲಾ?"

"ಹವಾಮಾನ."

"ಅದಕ್ಕೆ ಇಷ್ಟೆಲ್ಲ ಯಾಕೆ? ಕಿಟಕಿ ತೆಗೆದ್ರೆ ಸಾಕಲ್ವಾ!"

ನಕ್ಕೆ. ಮಗಳು ಅಂತ ಹೇಳಲಿಲ್ಲ. ಅಷ್ಟರಲ್ಲಿ ಚಿತ್ರ ಬಂತು. ಅವನು ಹೋದ ಮೇಲೂ ಅವನ ಲೋಟ ತೊಳೆಯಲು ಮನಸ್ಸಾಗಲಿಲ್ಲ.

10 ಅಕ್ಟೋಬರ್

ರೆಕಾರ್ಡ್ ಆಗಿದೆ! ನಾಲ್ಕು ನಿಮಿಷ. ನೀಲಿ ಅಂಗಿ. ಕೂದಲು ಕತ್ತರಿಸಿಕೊಂಡಿದ್ದಾಳೆ. ಮೂರು ಸಲ ನೋಡಿದೆ. ಮಳೆ ಬರುತ್ತದೋ ಇಲ್ಲವೋ, ಒಂದು ಸಲವೂ ಕಿವಿಗೆ ಬೀಳಲಿಲ್ಲ.

30 ನವೆಂಬರ್, ಸಂಜೆ

ಇವತ್ತಿನದು ನೋಡಿದೆ. ನಕ್ಷೆ ತೋರಿಸಲು ಪಕ್ಕಕ್ಕೆ ತಿರುಗಿದಳು. ನಿಲ್ಲಿಸಿದೆ. ಹಿಂದಕ್ಕೆ ಓಡಿಸಿದೆ. ಹೌದು, ಹೊಟ್ಟೆ ಮುಂದೆ ಬಂದಿದೆ.

ಪಕ್ಕದಲ್ಲಿ ಕೂತ ಸುದ್ದಿಯವನು ಹೇಳಿಯೇಬಿಟ್ಟ: "ನಮ್ಮ ಕೊರಿನ್ ಮಾರ್ಚ್‌ಗೆ ಅಮ್ಮ ಆಗ್ತಾಳೆ." ಅವಳು ಕೆಂಪಾದಳು.

ನನಗೂ ಊರಿನವರ ಜೊತೆಗೇ ಗೊತ್ತಾಯಿತು. ಅಲ್ಲ, ಊರಿಗೆ ಬೆಳಿಗ್ಗೆಯೇ ಗೊತ್ತಾಗಿತ್ತು.

4 ಡಿಸೆಂಬರ್, ಭಾನುವಾರ

ಫೋನ್ ಮಾಡಿದೆ. ಎತ್ತಲಿಲ್ಲ. ಮೆಸೇಜ್ ಬಿಟ್ಟೆ— "ಟಿವಿಯಲ್ಲಿ ನೋಡಿದೆ. ಖುಷಿ ಆಯ್ತು. ಅಪ್ಪ." ಅಪ್ಪ ಅಂತ ಬೇರೆ ಹೇಳಬೇಕಿತ್ತೇ? ದಡ್ಡ.

5 ಡಿಸೆಂಬರ್, ರಾತ್ರಿ 8

ಅವಳೇ ಮಾಡಿದಳು.

"ಟಿವಿಯಲ್ಲಿ ಹೇಗೆ ನೋಡ್ದೆ? ಐದಕ್ಕೆ ನೀನು ಡಿಪೋದಲ್ಲಿ ಇರ್ತೀಯಲ್ಲ."

"ರೆಕಾರ್ಡ್ ಮಾಡ್ತೀನಿ."

"ಯಾವಾಗಿಂದ?"

"ಅಕ್ಟೋಬರಿಂದ. ದಿನಾ."

ಅವಳ ದನಿ ಏರಿತು.

"ನನ್ನನ್ನ ದಿನಾ ನೋಡೋಕೆ ಆಗತ್ತೆ. ಅಮ್ಮ ಸಾಯೋ ಮುಂಚೆ ಆಸ್ಪತ್ರೇಲಿ ಎಂಟು ದಿನ ಇದ್ಲು. ಒಂದು ದಿನ ಬಂದ್ಯಾ? ಅಪ್ಪ ಬಂದ್ರಾ, ಬಂದ್ರಾ ಅಂತ ಕೇಳ್ತಾನೇ ಇದ್ಲು."

ಡ್ಯೂಟಿ ಇತ್ತು— ಎರಡು ವರ್ಷದಿಂದ ಅದನ್ನೇ ಹೇಳಿದ್ದೇನೆ. ಅವಳಿಗೆ, ಪಾದ್ರಿಗೆ, ನನಗೂ. ಮೊದಲ ದಿನ ಆಸ್ಪತ್ರೆಯ ಪಾರ್ಕಿಂಗಿನವರೆಗೆ ಹೋಗಿದ್ದೆ. ಕಾರಿನಲ್ಲೇ ಎರಡು ಗಂಟೆ. ವಾಪಸ್ ಬಂದಿದ್ದೆ.

"ಹೆದರಿಕೆ ಆಯ್ತು ಕೊರಿನ್. ನಿಮ್ಮಮ್ಮ ಹಾಗೆ ಮಲಗಿರೋದನ್ನ ನೋಡೋಕೆ ಧೈರ್ಯ ಇರ್ಲಿಲ್ಲ. ಡ್ಯೂಟಿ ಅಂದಿದ್ದು ಸುಳ್ಳು."

ಅತ್ತಳೋ ಏನೋ, ಗೊತ್ತಾಗಲಿಲ್ಲ. ಆಮೇಲೆ ಟಿವಿಯ ದನಿಯಲ್ಲೇ ಹೇಳಿದಳು: "ನಾಳೆ ಬೆಳಿಗ್ಗೆ ಸರೋವರದ ಕಡೆ ರಸ್ತೆಯೆಲ್ಲ ಮಂಜುಗಡ್ಡೆ. ಹತ್ತು ನಿಮಿಷ ಮುಂಚೆ ಹೊರಡು. ನಿಧಾನ ಓಡಿಸು ಅಪ್ಪಾ."

ಇಟ್ಟಳು.

6 ಡಿಸೆಂಬರ್, ಬೆಳಿಗ್ಗೆ 4.30

ಮಂಜುಗಡ್ಡೆಯೇ. ಅಂಗಳದ ಮೆಟ್ಟಿಲಿನಲ್ಲೇ ಕಾಲು ಜಾರಿತು. ಉಪ್ಪು ಎರಚಿ ಬಂದೆ. ಹತ್ತು ನಿಮಿಷ ಮುಂಚೆ ಅಂದಿದ್ದಾಳೆ, ಇನ್ನು ಬರೆಯುತ್ತಾ ಕೂತರೆ—