ಮರ ಕಡಿದದ್ದು ನಾನು, ಲತೇಶ ಅಲ್ಲ

ಮಾನ್ಯ ಅರಣ್ಯಾಧಿಕಾರಿಗಳೇ,

ಕಡಲಬದಿಯ ನಿಮ್ಮ ನೆಡುತೋಪಿನಿಂದ ಕ್ರಿಸ್ಮಸ್ ಟ್ರೀಗೆಂದು ಒಂದು ಗಾಳಿಮರವನ್ನು ಕಡಿದವಳು ನಾನು. ಕೇಸು ಬಿದ್ದದ್ದು ನನ್ನ ನೆರೆಮನೆಯ ರಿಕ್ಷಾ ಚಾಲಕ ಲತೇಶನ ಮೇಲೆ. ನನ್ನ ಮೇಲೆ ಕೇಸು ಹಾಕಿ ಎಂದು ಎರಡು ಸಲ ನಿಮ್ಮ ಕಚೇರಿಗೆ ಬಂದು ಕೇಳಿಕೊಂಡೆ. ಎರಡು ಸಲವೂ ಕೂರಿಸಿ, ಕುಡಿಯಲು ನೀರು ಕೊಟ್ಟು, ಮರ್ಯಾದೆಯಿಂದ ವಾಪಸು ಕಳಿಸಿದಿರಿ. ಬರುವ ಸೋಮವಾರ ಅವನ ರಿಕ್ಷಾವನ್ನು ಸರಕಾರಕ್ಕೆ ಮುಟ್ಟುಗೋಲು ಹಾಕಿಕೊಳ್ಳುವ ವಿಚಾರಣೆ ಇದೆ. ಕಚೇರಿಯೊಳಗೆ ಕೇಳಿಸದ ಮಾತು ಊರಿಗಾದರೂ ಕೇಳಿಸಲಿ ಎಂದು ಪತ್ರಿಕೆಗೆ ಬರೆಯುತ್ತಿದ್ದೇನೆ.

ನಮ್ಮ ಮನೆ ದೇರೆಬೈಲಿನಲ್ಲಿ. ನನ್ನ ಗಂಡ ಬ್ರಯಾನ್ ಇದ್ದಷ್ಟು ಕಾಲ ಕ್ರಿಸ್ಮಸ್ ಟ್ರೀಗಾಗಿ ನಾವು ಯಾರ ಮುಲಾಜಿಗೂ ಬಿದ್ದವರಲ್ಲ. ಅಂಗಳದ ಮೂಲೆಯಲ್ಲೇ ಗಾಳಿಮರ ಇತ್ತು, ವರ್ಷಕ್ಕೊಂದು ಗೆಲ್ಲು ಸಾಕಾಗುತ್ತಿತ್ತು. ಈ ವರ್ಷ ರಸ್ತೆ ಅಗಲವಾದಾಗ ಮರ ಹೋಯಿತು. ಕಳೆದ ಮಳೆಗಾಲದಲ್ಲಿ ಬ್ರಯಾನೂ ಹೋದರು. ಅವರಿಲ್ಲದ ಮೊದಲ ಹಬ್ಬಕ್ಕೆ ಅಂಗಡಿಯ ಪ್ಲಾಸ್ಟಿಕ್ ಮರ ತಂದು ನಿಲ್ಲಿಸಲು ನನ್ನ ಮನಸ್ಸು ಒಪ್ಪಲಿಲ್ಲ. ಹೊರದೇಶಗಳಲ್ಲಿ ಶುಲ್ಕ ಕಟ್ಟಿಸಿಕೊಂಡು ಸರಕಾರಿ ಕಾಡಿನಲ್ಲೇ ಒಂದು ಮರ ಕಡಿಯಲು ಬಿಡುತ್ತಾರಂತೆ, ಇಲ್ಲಿ ಹಾಗೇನಾದರೂ ಇದೆಯೇ ಎಂದು ನಿಮ್ಮ ಗುಮಾಸ್ತರನ್ನು ಕೇಳಿದೆ. ಅವರು ನಕ್ಕರು. ಅಂಥ ಅರ್ಜಿಯೇ ಇಲ್ಲವಂತೆ. ಇಲ್ಲದ ಅರ್ಜಿಯನ್ನು ಎಲ್ಲಿಂದ ತಂದು ತುಂಬಿಸಲಿ? ಹಾಗೆಂದು ನಾನು ಮಾಡಿದ್ದು ಸರಿ ಎನ್ನುತ್ತಿಲ್ಲ. ತಪ್ಪೇ. ಆದರೆ ತಪ್ಪು ನನ್ನದು, ಅದನ್ನು ಬೇರೆಯವರಿಗೆ ಹಂಚುವ ಅಧಿಕಾರ ನಿಮಗೆ ಯಾರು ಕೊಟ್ಟರು?

ಆ ದಿನ ಲತೇಶನಿಗೆ ಕಡಲಬದಿಗೆ ಬಾಡಿಗೆ ಎಂದಷ್ಟೇ ಹೇಳಿದ್ದೆ. ಅವನು ರಿಕ್ಷಾದಲ್ಲಿ ಕುಳಿತು ಫೋನ್ ನೋಡುತ್ತಿದ್ದ. ತೆಂಗಿನ ಮಡಲು ಕಡಿಯುವ ಕತ್ತಿಯನ್ನು ಶಾಲಿನಲ್ಲಿ ಸುತ್ತಿಕೊಂಡು ನಾನೊಬ್ಬಳೇ ತೋಪಿನೊಳಗೆ ಹೋದೆ. ಒತ್ತೊತ್ತಾಗಿ ಬೆಳೆದು ಸೊರಗಿದ್ದ, ನನ್ನಷ್ಟೇ ಎತ್ತರದ ಒಂದು ಗಿಡವನ್ನು ನೋಡಿ ಕಡಿದೆ. ಎಳೆದುಕೊಂಡು ಬರುವಾಗ ಅವನು ಕಂಡು ಗಾಬರಿಯಾಗಿ ಓಡಿಬಂದ. "ಎಂತ ಮಾಡಿದ್ರಿ ಬಾಯಮ್ಮ" ಎಂದು ತಲೆಯ ಮೇಲೆ ಕೈಯಿಟ್ಟ. ಆಮೇಲೆ, ಮುದುಕಿ ಒಬ್ಬಳೇ ಎಳೆಯುತ್ತಿದ್ದಾಳಲ್ಲ ಎಂದು, ಮರಕ್ಕೆ ಕೈ ಹಾಕಿದ. ನಿಮ್ಮ ಗಾರ್ಡ್ ಬೈಕ್ ನಿಲ್ಲಿಸಿದ್ದು ಆಗಲೇ.

ಕಡಿದದ್ದು ನಾನು ಎಂದು ಅಲ್ಲೇ ಹೇಳಿದೆ. ಗಾರ್ಡ್ ನನ್ನನ್ನು ನೋಡಿದರು, ಲತೇಶನನ್ನು ನೋಡಿದರು, ಅವನ ಹೆಸರು ಬರೆದುಕೊಳ್ಳಲು ಶುರು ಮಾಡಿದರು. ಕತ್ತಿ ನನ್ನ ಕೈಯಲ್ಲೇ ಇತ್ತು, ಮಾನ್ಯರೇ. ಬರೆಯುತ್ತಾ ಬರೆಯುತ್ತಾ ಒಮ್ಮೆ ತಲೆಯೆತ್ತಿ, "ಕತ್ತಿ ಜಾಗ್ರತೆ ಅಮ್ಮ, ಕೈಗೆ ತಾಗೀತು" ಎಂದರು. ಎಷ್ಟು ಕಾಳಜಿ ನೋಡಿ! ಆರೋಪಿಯು ಹರಿತವಾದ ಆಯುಧದಿಂದ ಮರ ಕಡಿದನೆಂದು ನಿಮ್ಮ ಮಹಜರು ಹೇಳುತ್ತದೆ. ಆ ಹರಿತವಾದ ಆಯುಧವನ್ನು ಯಾರೂ ಕೇಳಲಿಲ್ಲ. ನಾನು ಅದನ್ನು ಮನೆಗೆ ತಂದು ಬಚ್ಚಲಿನ ಹಿಂದೆ ಇದ್ದ ಜಾಗದಲ್ಲೇ ಇಟ್ಟಿದ್ದೇನೆ, ನಿನ್ನೆ ಅದರಲ್ಲೇ ತೆಂಗಿನಕಾಯಿ ಸುಲಿದೆ.

ಇದೆಲ್ಲ ಗಾರ್ಡಿನ ಅವಸರ ಎಂದುಕೊಂಡಿದ್ದೆ. ಎರಡನೆಯ ಸಲ ಬಂದಾಗ ತಾವೇ ದನಿ ತಗ್ಗಿಸಿ ನಿಜವಾದ ಕಾರಣ ಹೇಳಿದಿರಿ. "ಹಬ್ಬದ ಸಮಯ. ನಿಮ್ಮ ಹೆಸರು ಪೇಪರಿನಲ್ಲಿ ಬಂದ್ರೆ ಸುಮ್ಮನೆ ಗಲಾಟೆ ಆಗ್ತದೆ. ಅವನದ್ದಾದ್ರೆ ಯಾರೂ ಕೇಳುವುದಿಲ್ಲ."

ಯಾರೂ ಕೇಳುವುದಿಲ್ಲವೇ? ನಮ್ಮ ರಿಕ್ಷಾ ಸ್ಟ್ಯಾಂಡಿಗೆ ಒಮ್ಮೆ ಬನ್ನಿ. ಪೊರ್ಬುಗಳ ಹಬ್ಬಕ್ಕೆ ನಮ್ಮ ಹುಡುಗ ಯಾಕೆ ಸಿಕ್ಕಿಬೀಳಬೇಕು ಎಂದು ಅಲ್ಲಿ ಕೇಳುತ್ತಿದ್ದಾರೆ. ನಮ್ಮನ್ನು, ಎಂದರೆ ಕ್ರಿಶ್ಚಿಯನ್ನರನ್ನು, ಇಲ್ಲಿ ಪೊರ್ಬುಗಳು ಎನ್ನುವುದು ಹೊಸದಲ್ಲ. ಆದರೆ ನಮ್ಮ ಓಣಿಯಲ್ಲಿ ಆ ಮಾತಿಗೆ ಇಷ್ಟು ಕಹಿ ಇರಲಿಲ್ಲ. ಗುರುತಿಲ್ಲದ ಇಬ್ಬರು ಲತೇಶನ ಮನೆಗೆ ಬಂದು, ಈ ವಿಷಯವನ್ನು ಸ್ವಲ್ಪ ದೊಡ್ಡದು ಮಾಡುವ ಎಂದರಂತೆ. ಅವನು ಅವರನ್ನು ಗೇಟಿನಿಂದಲೇ ಕಳಿಸಿದ. ಮುಂದಿನ ಸಲವೂ ಕಳಿಸಿಯಾನೇ? ಗಲಾಟೆ ಬೇಡವೆಂದು ತಾವು ಮಾಡಿದ ಉಪಾಯದಿಂದ ಗಲಾಟೆ ನನ್ನ ಗೇಟಿಗೇ ಬಂದು ನಿಂತಿದೆ. ನನಗೆ ಹೆದರಿಕೆಯಾಗುತ್ತಿದೆ.

ಕಡಿದದ್ದು ಬಾಯಮ್ಮ ಎಂದು ಲತೇಶ ಒಂದು ಮಾತು ಹೇಳಿದ್ದರೆ ಸಾಕಿತ್ತು, ಅವನು ಹೇಳಲಿಲ್ಲ. ಬ್ರಯಾನರ ಪೆಟ್ಟಿಗೆಗೆ ಹೆಗಲು ಕೊಟ್ಟವನು ಅವನು. ರಿಕ್ಷಾ ನಿಮ್ಮ ವಶದಲ್ಲಿರುವುದರಿಂದ ಈಗ ಬಂದರಿಗೆ ಮೂಟೆ ಹೊರಲು ಹೋಗುತ್ತಿದ್ದಾನೆ. ಕ್ರಿಸ್ಮಸ್ ದಿನ ಎಂದಿನಂತೆ ಅವರ ಮನೆಗೆ ಕುಸ್ವಾರ್, ಎಂದರೆ ನಮ್ಮ ಹಬ್ಬದ ತಿಂಡಿಗಳ ತಟ್ಟೆ, ಕಳಿಸಿದೆ. ನೆವ್ರಿ, ಗುಳಿಯೊ ಎಲ್ಲ ನಾನೇ ಕರಿದದ್ದು. ಪ್ರತಿ ವರ್ಷ ಅವನ ಹೆಂಡತಿ ಪ್ರಣೀತಾ ಮರುದಿನ ಆ ತಟ್ಟೆಯಲ್ಲಿ ಏನಾದರೊಂದು ತುಂಬಿಸಿ ತರುತ್ತಿದ್ದಳು. ಈ ಸಲ ಅದೇ ಸಂಜೆ ತಟ್ಟೆ ಬಂತು, ಮುಚ್ಚಿದ ಬಟ್ಟೆಯನ್ನು ಬಿಚ್ಚಿರಲೂ ಇಲ್ಲ. "ಮಗುವಿಗೆ ಜ್ವರ ಬಾಯಮ್ಮ" ಎಂದಳು ನೆಲ ನೋಡುತ್ತಾ. ಅವಳ ಮಗಳು ಅನುಷ್ಕಾ ಆಚೆ ಅಂಗಳದಲ್ಲಿ ಸೈಕಲ್ ಬಿಡುತ್ತಿದ್ದಳು. ಪ್ರಣೀತಾಳ ಎದುರಿಗೇ ನನಗೆ ಅಳು ಬಂತು. ಅವಳೂ ಅತ್ತಳು, ಆದರೆ ತಟ್ಟೆ ವಾಪಸು ತೆಗೆದುಕೊಳ್ಳಲಿಲ್ಲ.

ಕಡಿದ ಮರ ನಿಮ್ಮ ಕಚೇರಿಯ ಜಗಲಿಯಲ್ಲಿ ಚೀಟಿ, ಅರಗಿನ ಮೊಹರು ಕಟ್ಟಿಸಿಕೊಂಡು ಒಣಗುತ್ತಿದೆ. ಈ ವರ್ಷ ಕ್ರಿಸ್ಮಸ್ ಟ್ರೀ ಇಟ್ಟವರು ತಾವು, ನಾನಲ್ಲ. ಅದನ್ನು ಇಟ್ಟುಕೊಳ್ಳಿ. ಸೋಮವಾರ ನಾನು ಕತ್ತಿ ಹಿಡಿದುಕೊಂಡೇ ಬರುತ್ತೇನೆ. ಮಹಜರಿನಲ್ಲಿ ನನ್ನ ಹೆಸರು ಬರೆಯಿರಿ, ದಂಡವೋ ಜೈಲೋ ಕಾನೂನಿನಲ್ಲಿ ಇರುವುದನ್ನು ನನಗೆ ಕೊಡಿ, ಲತೇಶನ ರಿಕ್ಷಾವನ್ನು ಬಿಡಿ. ನನ್ನ ಕೈಯಿಂದ ಮರ ಕಡಿಯಲಾದೀತೇ ಎಂಬ ಸಂಶಯ ಇನ್ನೂ ಇದ್ದರೆ ತಮ್ಮ ಕಣ್ಣೆದುರಿಗೇ ಇನ್ನೊಂದನ್ನು ಕಡಿದು ತೋರಿಸುತ್ತೇನೆ. ದಯವಿಟ್ಟು ಅದನ್ನೂ ಅವನ ತಲೆಗೆ ಕಟ್ಟಬೇಡಿ.

ತಟ್ಟೆ ಮುಚ್ಚಿದ ಬಟ್ಟೆಯಲ್ಲೇ ನನ್ನ ಮೇಜಿನ ಮೇಲಿದೆ. ತಾವು ನನ್ನನ್ನು ಆರೋಪಿ ಎಂದು ಬರೆದ ದಿನ ಹೊಸದಾಗಿ ನೆವ್ರಿ ಕರಿದು, ಅದೇ ತಟ್ಟೆ ಹಿಡಿದು ಪ್ರಣೀತಾಳ ಬಾಗಿಲು ತಟ್ಟುತ್ತೇನೆ. ಅದಕ್ಕೆ ಮೊದಲು ಆ ಬಾಗಿಲಿಗೆ ಹೋಗಲು ನನಗೆ ಮುಖ ಇಲ್ಲ.

ಇಂತಿ,
ಕೈಯಲ್ಲಿ ಕತ್ತಿ ಇದ್ದರೂ ಸರಕಾರದ ಕಣ್ಣಿಗೆ ಬೀಳದ
ಹೆಲನ್, ದೇರೆಬೈಲ್